ಮುಯ್ಯಾಳಿನ ಮರ್ಯಾದೆ

ಹಳ್ಳಿಯ ಬೇಸಾಯವನ್ನು ಕಂಡವರಿಗೆ ‘ಮುಯ್ಯಾಳು’ ಎಂಬ ಮಾತು ಹೊಸದಲ್ಲ. ಇಂದು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಯ ನಾಟಿಗೆ ನೀವು — ಅದರ ಒಪ್ಪಂದ ಇಷ್ಟೇ. ಕೂಲಿಯ ಲೆಕ್ಕವಿಲ್ಲ, ಕರಾರುಪತ್ರವಿಲ್ಲ. ಇವೆರಡೂ ಇಲ್ಲದುದರಿಂದಲೇ ಅಲ್ಲಿ ಮಾತಿಗೆ ತೂಕ ಹೆಚ್ಚು. ಕೂಲಿಯಾಳನ್ನು ವಾಚಾಮಗೋಚರವಾಗಿ ಗದರಿಸುವ ಯಜಮಾನನೂ ಮುಯ್ಯಾಳಿನ ಮುಂದೆ ನಾಲಗೆಯನ್ನು ಹಿಡಿದುಕೊಳ್ಳುತ್ತಾನೆ. ಕೂಲಿಯಾಳು ಬೈಸಿಕೊಂಡರೂ ಹೊಟ್ಟೆಯ ಪಾಡಿಗಾಗಿ ಮರುದಿನ ಬಂದಾನು, ಮುಯ್ಯಾಳು ಬಾರನು. ಬಾರದಿರುವುದಕ್ಕೆ ನಿಜವಾದ ಕಾರಣವನ್ನೂ ಹೇಳನು. ‘ಮನೆಯಲ್ಲಿ ಸ್ವಲ್ಪ ಕೆಲಸವಿತ್ತು’ ಎಂದು ಹೇಳಿ, ತಲೆಯ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಂಡು ಬೇರೆ ದಾರಿ ಹಿಡಿಯುತ್ತಾನೆ. ಯಜಮಾನನಿಗೆ ತಾನು ಕಳೆದುಕೊಂಡುದು ಏನೆಂಬುದು ಸಹ ತಿಳಿಯುವುದಿಲ್ಲ.

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಇದೇ ಬಗೆಯ ಮುಯ್ಯಿಯೊಂದು ಗದ್ದೆಯಿಂದ ಬಹುದೂರವಾದ ಒಂದು ಕ್ಷೇತ್ರದಲ್ಲಿ ಬೇರೂರಿತು. ಕಂಪ್ಯೂಟರನ್ನು ನಡೆಸುವ ಆಜ್ಞೆಗಳ ಬರಹವನ್ನು ತಂತ್ರಾಂಶವೆನ್ನುತ್ತಾರೆ. ಕಂಪನಿಗಳು ಸಾಮಾನ್ಯವಾಗಿ ಈ ಬರಹವನ್ನು ಗುಟ್ಟಾಗಿರಿಸಿ ಅದರ ಫಲವನ್ನು ಮಾತ್ರ ಮಾರುತ್ತವೆ. ಹಾಗೆ ಮಾಡದೆ ಬರಹವನ್ನೇ ಲೋಕದೆದುರು ತೆರೆದಿಟ್ಟು, ‘ಓದಿರಿ, ಬಳಸಿರಿ, ತಪ್ಪಿದ್ದರೆ ತಿದ್ದಿರಿ, ತಿದ್ದಿದುದನ್ನು ಇತರರಿಗೂ ಕೊಡಿರಿ’ ಎನ್ನುವುದು ಮುಕ್ತ ತಂತ್ರಾಂಶದ ರೀತಿ. 1991ರ ಆಗಸ್ಟ್ ತಿಂಗಳಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ, ಇಪ್ಪತ್ತೊಂದು ವರ್ಷದ ತರುಣ ಲೀನಸ್ ಟೋರ್ವಾಲ್ಡ್ಸ್ ತಾವು ಕೇವಲ ಹವ್ಯಾಸಕ್ಕಾಗಿ ಇಂಥದೊಂದು ಬರಹದಲ್ಲಿ ತೊಡಗಿರುವುದಾಗಿಯೂ ಅದೇನೂ ದೊಡ್ಡದಾಗುವಂಥದಲ್ಲವೆಂದೂ ಪ್ರಕಟಿಸಿದರು. ಅದೇ ಮುಂದೆ ಲಿನಕ್ಸ್ ಎನಿಸಿಕೊಂಡಿತು. ಆಂಡ್ರಾಯ್ಡ್ ಫೋನನ್ನು ಕೈಯಲ್ಲಿ ಹಿಡಿದವರೆಲ್ಲರೂ ತಿಳಿದೋ ತಿಳಿಯದೆಯೋ ಈ ತರುಣನ ಋಣದಲ್ಲಿದ್ದಾರೆ. 2017ರ ನವೆಂಬರಿನಿಂದ ಈಚೆಗೆ ಜಗತ್ತಿನ ಅತಿ ವೇಗದ 500 ಕಂಪ್ಯೂಟರುಗಳ ಪಟ್ಟಿಯಲ್ಲಿ ಲಿನಕ್ಸಿನಿಂದ ನಡೆಯದಿರುವುದು ಒಂದೂ ಇಲ್ಲ. ಹವ್ಯಾಸವೆಂಬ ವಿನಯದ ಮಾತು ಇಷ್ಟೊಂದು ಸುಳ್ಳಾದ ಉದಾಹರಣೆ ಅಪರೂಪ.

ಲಿನಕ್ಸಿನ ಒಳತಿರುಳನ್ನು ‘ಕರ್ನಲ್’ ಎಂದು ಕರೆಯುತ್ತಾರೆ. ಒಂಬತ್ತು ಹತ್ತು ವಾರಗಳಿಗೊಮ್ಮೆ ಅದರ ಹೊಸ ಆವೃತ್ತಿ ಹೊರಬರುತ್ತದೆ; ಒಂದೊಂದು ಆವೃತ್ತಿಯಲ್ಲಿಯೂ ಹತ್ತು ಸಾವಿರಕ್ಕೆ ಮಿಗಿಲಾದ ತಿದ್ದುಪಡಿಗಳು ಸೇರುವುದುಂಟು. ತಿದ್ದುಪಡಿಯನ್ನು ಬರೆದವರು ಅದನ್ನು ಇ-ಮೇಲಿನ ಮೂಲಕ ಕಳುಹಿಸುತ್ತಾರೆ. ಆಯಾ ಭಾಗಕ್ಕೆ ಒಬ್ಬೊಬ್ಬ ಪಾಲಕರಿರುತ್ತಾರೆ. ಅವರು ಒಪ್ಪಿದುದು ಮೇಲಕ್ಕೆ ಸಾಗಿ ಕೊನೆಗೆ ಟೋರ್ವಾಲ್ಡ್ಸ್ ಅವರ ಬಳಿಗೆ ಬರುತ್ತದೆ. ಈ ಪತ್ರವ್ಯವಹಾರವೆಲ್ಲ ಬಹಿರಂಗ. ಇಂದು ಬರೆದ ಮಾತನ್ನು ಇನ್ನು ಮೂವತ್ತು ವರ್ಷಗಳ ಮೇಲೂ ಯಾರಾದರೂ ಓದಬಹುದು. ಹೊಗಳಿಕೆಯಾದರೆ ಮೊಮ್ಮಕ್ಕಳೂ ಓದಿ ಹಿಗ್ಗಬಹುದು. ಬೈಗುಳವಾದರೆ ಅವರೂ ಓದಬೇಕಾದೀತು!

ಇಂದು ಈ ತಿದ್ದುಪಡಿಗಳನ್ನು ಬರೆಯುವವರಲ್ಲಿ ಬಹುಮಂದಿ ಯಾವುದಾದರೊಂದು ಕಂಪನಿಯಿಂದ ಸಂಬಳ ಪಡೆಯುವವರೇ ಎಂಬುದನ್ನು ಮರೆಮಾಡಬೇಕಾಗಿಲ್ಲ. ಬೆಂಗಳೂರಿನಲ್ಲಿ ಕುಳಿತು ಇಂಥ ಕೆಲಸ ಮಾಡುವ ಎಂಜಿನಿಯರುಗಳೂ ಇದ್ದಾರೆ. ಆದರೆ ಆ ಸಂಬಳವನ್ನು ಕೊಡುವವರು ಟೋರ್ವಾಲ್ಡ್ಸ್ ಅಲ್ಲ. ಅವರು ಯಾರನ್ನೂ ನೇಮಿಸುವುದಿಲ್ಲ, ಯಾರನ್ನೂ ವಜಾ ಮಾಡುವುದಿಲ್ಲ, ಯಾರಿಗೂ ಬಡ್ತಿಯನ್ನು ಕೊಡಲಾರರು. ಒಬ್ಬರ ಕೆಲಸವನ್ನು ಒಪ್ಪುವುದು ಅಥವಾ ಒಪ್ಪದಿರುವುದು, ಒಪ್ಪದಿದ್ದರೆ ಏಕೆಂದು ಹೇಳುವುದು — ಅವರ ದೊರೆತನವೆಲ್ಲ ಇಷ್ಟರಲ್ಲಿಯೇ ಅಡಗಿದೆ. ಎಂದ ಮೇಲೆ, ಆ ‘ಏಕೆ’ ಎಂಬುದನ್ನು ಹೇಳುವ ರೀತಿಯೇ ಅಲ್ಲಿಯ ರಾಜ್ಯಭಾರ.

ಬಹುಕಾಲದವರೆಗೆ ಆ ರೀತಿ ಒರಟಾಗಿತ್ತು. 2012ರ ಡಿಸೆಂಬರಿನ ಒಂದು ಪ್ರಸಂಗ ಈ ಕಸುಬಿನವರ ಬಾಯಲ್ಲಿ ದಂತಕಥೆಯಂತೆ ಉಳಿದಿದೆ. ತಿರುಳಿನಲ್ಲಿ ಮಾಡಿದ ಒಂದು ಬದಲಾವಣೆಯಿಂದ ಜನ ದಿನವೂ ಬಳಸುತ್ತಿದ್ದ ಕೆಲವು ಕಾರ್ಯಕ್ರಮಗಳು ಕೆಟ್ಟುನಿಂತವು. ಆ ಭಾಗದ ಪಾಲಕರು, ಅನುಭವಸ್ಥರೇ, ತಪ್ಪು ಆ ಕಾರ್ಯಕ್ರಮಗಳದೆಂದು ವಾದಿಸಿದರು. ಟೋರ್ವಾಲ್ಡ್ಸ್ ಅವರ ಉತ್ತರ ‘ಬಾಯಿ ಮುಚ್ಚು’ ಎಂಬಲ್ಲಿಂದ ಪ್ರಾರಂಭವಾಯಿತು. ಮುಂದಿನದನ್ನು ಇಲ್ಲಿ ಅನುವಾದಿಸುವುದು ಶಕ್ಯವಲ್ಲ, ಅವಶ್ಯವೂ ಅಲ್ಲ. ಗಮನಿಸಬೇಕಾದ ಸಂಗತಿ ಬೇರೆ ಇದೆ. ತತ್ತ್ವದಲ್ಲಿ ಟೋರ್ವಾಲ್ಡ್ಸ್ ಹೇಳಿದುದೇ ಸರಿ. ಒಳತಿರುಳನ್ನು ಎಷ್ಟೇ ಬದಲಿಸಿದರೂ ಅದರ ಮೇಲೆ ನಿಂತು ನಡೆಯುತ್ತಿರುವ ಕಾರ್ಯಕ್ರಮ ಕೆಡಕೂಡದೆಂಬುದು ಲಿನಕ್ಸಿನ ಮೊದಲ ನಿಯಮ. ಮನೆಯ ಅಡಿಪಾಯವನ್ನು ದುರಸ್ತಿ ಮಾಡುವವನು, ಗೋಡೆ ಬಿರಿದಾಗ, ‘ಗೋಡೆಯನ್ನು ನೀವು ಸರಿಯಾಗಿ ಕಟ್ಟಿರಲಿಲ್ಲ’ ಎನ್ನಬಾರದಷ್ಟೆ. ಇಷ್ಟು ಉತ್ತಮವಾದ, ಲೋಕೋಪಕಾರಿಯಾದ ನಿಯಮವೊಂದು ಬೈಗುಳದ ಬಟ್ಟೆ ತೊಟ್ಟು ಹೊರಗೆ ಬಂದಿತು. ಇಂದಿಗೂ ಆ ಪತ್ರವನ್ನು ಉದ್ಧರಿಸುವವರಲ್ಲಿ ಕೆಲವರು ನಿಯಮಕ್ಕಾಗಿ ಉದ್ಧರಿಸುತ್ತಾರೆ, ಕೆಲವರು ಬೈಗುಳಕ್ಕಾಗಿ.

ಇಂಥ ಒರಟುತನಕ್ಕೆ ಸಮರ್ಥಕರು ಇರಲಿಲ್ಲವೆಂದಲ್ಲ. ಬೇಕಾದಷ್ಟು ಮಂದಿ ಇದ್ದರು. ಯಥಾರ್ಥವಾದಿ ಲೋಕವಿರೋಧಿ ಎನ್ನುವುದಿಲ್ಲವೆ? ಯಂತ್ರಕ್ಕೆ ದಾಕ್ಷಿಣ್ಯ ತಿಳಿಯದು. ತಪ್ಪು ಆಜ್ಞೆಯನ್ನು ಸವಿಮಾತಿನಲ್ಲಿ ಬರೆದರೂ ಅದು ತಪ್ಪಾಗಿಯೇ ನಡೆಯುತ್ತದೆ. ಕೋಟ್ಯಂತರ ಜನರ ಕೆಲಸ ನಿಂತಿರುವ ಕಡೆ, ಒಬ್ಬರ ಮನಸ್ಸು ನೊಂದೀತೆಂದು ಕೆಟ್ಟ ಕೆಲಸವನ್ನು ಒಳಗೆ ಬಿಡಲಾದೀತೆ? ಈ ಪ್ರಶ್ನೆಗೆ ಉತ್ತರ ಸುಲಭ: ಬಿಡಲಾಗದು. ಆದರೆ ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲವೆಂದು ತೋರಿಸಿಕೊಟ್ಟವರು ಒಬ್ಬರು ಹೊರಟರು.

ಅವರು ಇಂದು ಸೇಜ್ ಶಾರ್ಪ್ ಎಂಬ ಹೆಸರಿನಿಂದ ಪರಿಚಿತರು. ಕಂಪ್ಯೂಟರಿಗೆ ಉಪಕರಣಗಳನ್ನು ಜೋಡಿಸುವ ಯು.ಎಸ್.ಬಿ. ಎಂಬ ಕೊಂಡಿಯ ಮೂರನೆಯ ತಲೆಮಾರು ಬಂದಾಗ, 2009ರಲ್ಲಿ, ಅದನ್ನು ಮೊದಲು ಬಲ್ಲದ್ದಾದುದು ಲಿನಕ್ಸ್. ಅದಕ್ಕೆ ಬೇಕಾದ ಬರಹವನ್ನು ಬರೆದವರು ಶಾರ್ಪ್. ಆದುದರಿಂದ ಕೆಲಸ ಬಾರದವರು ಸೌಜನ್ಯದ ಹೆಸರಿನಲ್ಲಿ ರಿಯಾಯಿತಿ ಕೇಳಿದರೆಂದು ಯಾರೂ ಹೇಳುವಂತಿರಲಿಲ್ಲ. 2013ರ ಜುಲೈನಲ್ಲಿ, ಒಬ್ಬ ಸೌಮ್ಯ ಸ್ವಭಾವದ ಪಾಲಕರಿಗೆ ‘ನೀವು ಜನರನ್ನು ಇನ್ನಷ್ಟು ಗದರಿಸಬೇಕು’ ಎಂದು ಟೋರ್ವಾಲ್ಡ್ಸ್ ಅರೆ ತಮಾಷೆಯಾಗಿ ಬುದ್ಧಿ ಹೇಳಿದಾಗ, ಶಾರ್ಪ್ ಎಲ್ಲರೆದುರು ಎದ್ದುನಿಂತು, ಇದು ತಮಾಷೆಯಲ್ಲ, ಬೆದರಿಕೆ ನಿಂದೆಗಳಿಗೆ ಇಲ್ಲಿ ಎಡೆಯಿರಬಾರದು ಎಂದರು.

ಟೋರ್ವಾಲ್ಡ್ಸ್ ಕೊಟ್ಟ ಉತ್ತರವನ್ನು ಕೇವಲ ಮೊಂಡುತನವೆಂದು ತಳ್ಳಿಹಾಕುವುದು ನ್ಯಾಯವಾಗದು. ಕಚೇರಿಯ ಸಭ್ಯತೆಯೆಂಬುದು ಅನೇಕ ವೇಳೆ ಒಂದು ಮುಖವಾಡ. ಅದರ ಹಿಂದೆ ಚಾಡಿ, ಬೆನ್ನಿಗೆ ಚೂರಿ, ನಗುನಗುತ್ತ ಮಾಡುವ ಹಗೆತನ ಬೆಳೆಯುತ್ತವೆ. ಸಿಟ್ಟು ಬಂದರೆ ಸಿಟ್ಟೆಂದು ತೋರಿಸುವುದೇ ಪ್ರಾಮಾಣಿಕತೆ ಎಂಬುದು ಅವರ ವಾದದ ಸಾರ. ಸರ್ಕಾರೀ ಕಚೇರಿಯಲ್ಲಿಯೋ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿಯೋ ಹತ್ತು ವರ್ಷ ಕಳೆದವರು ಈ ಮಾತಿಗೆ ತಲೆದೂಗದಿರಲಾರರು. ‘ತಾವು’ ‘ದಯಮಾಡಿ’ ಎಂಬ ಪದಗಳಲ್ಲಿ ಸುತ್ತಿ ಕೊಟ್ಟ ವಿಷ ಕಡಿಮೆಯೇನಲ್ಲ. ಆದರೂ ಈ ವಾದದಲ್ಲಿ ಒಂದು ಕುಂಟಿದೆ. ಮುಖವಾಡ ಬೇಡವೆಂದರೆ ಮುಖಕ್ಕೆ ಉಗುಳಬೇಕೆಂದು ಅರ್ಥವಾಗುವುದಿಲ್ಲ. ಅದಲ್ಲದೆ, ಸಿಟ್ಟನ್ನು ತೋರಿಸುವ ಸ್ವಾತಂತ್ರ್ಯ ಎಲ್ಲರಿಗೂ ಸಮಾನವಾಗಿಲ್ಲ. ಹಿರಿಯ ಪಾಲಕರು ಹೊಸಬನನ್ನು ಬೈದರೆ ಅದು ನಿಷ್ಠುರತೆಯೆನಿಸುತ್ತದೆ. ಹೊಸಬನು ತಿರುಗಿ ಬೈದರೆ ಉದ್ಧಟತನವೆನಿಸುತ್ತದೆ. ಇಂಗ್ಲಿಷು ತಾಯ್ನುಡಿಯಲ್ಲದವರಿಗಂತೂ ತಿರುಗಿ ಬೈಯಲು ಪದಗಳೇ ಒದಗವು. ಒಂದು ಕಡೆಯಿಂದ ಮಾತ್ರ ಹರಿಯುವ ಪ್ರಾಮಾಣಿಕತೆಗೆ ಬೇರೆ ಹೆಸರಿದೆ.

ಶಾರ್ಪ್ ಕೇಳಿದುದಾದರೂ ಏನು? ಕೆಲಸದ ವಿಮರ್ಶೆ ಎಷ್ಟು ಕ್ರೂರವಾಗಿದ್ದರೂ ಇರಲಿ, ಕೆಲಸ ಮಾಡಿದವರ ವಿಷಯದಲ್ಲಿ ಗೌರವವಿರಲಿ — ಇಷ್ಟೆ. ‘ಈ ಬರಹ ಕೆಟ್ಟದು’ ಎನ್ನುವುದಕ್ಕೂ ‘ಇದನ್ನು ಬರೆದ ನೀನು ಕೆಟ್ಟವನು’ ಎನ್ನುವುದಕ್ಕೂ ನಡುವೆ ಇರುವ ಗೆರೆಯನ್ನು ಅವರು ತೋರಿಸಿದರು. ಮೊದಲನೆಯದನ್ನು ಕೇಳಿದವನು ಬರಹವನ್ನು ತಿದ್ದುತ್ತಾನೆ. ಎರಡನೆಯದನ್ನು ಕೇಳಿದವನು ತಿದ್ದುವುದಾದರೂ ಏನನ್ನು?

2015ರ ಮಾರ್ಚಿನಲ್ಲಿ ಸಮುದಾಯದವರು ಒಂದು ಪುಟ್ಟ ಲಿಖಿತವನ್ನು ಹೊರಡಿಸಿದರು. ನಡತೆಯ ಸಂಹಿತೆ ಎನ್ನಬೇಕಾದಲ್ಲಿ ಅದಕ್ಕೆ ‘ಘರ್ಷಣೆಯ ಸಂಹಿತೆ’ ಎಂದು ಹೆಸರಿಟ್ಟುದು ಒಂದು ವಿನೋದ. ನಿಮ್ಮ ಬರಹ ಟೀಕೆಗೆ ಗುರಿಯಾಗಿಯೇ ಆಗುತ್ತದೆ, ಅದಕ್ಕೆ ಸಿದ್ಧರಾಗಿ ಬನ್ನಿ. ವೈಯಕ್ತಿಕವಾಗಿ ನಿಂದೆಯೋ ಬೆದರಿಕೆಯೋ ಆಯಿತೆನಿಸಿದರೆ ಇಂಥ ಮಂಡಲಿಗೆ ತಿಳಿಸಿರಿ — ಎಂಬುದು ಅದರ ತಾತ್ಪರ್ಯ. ಬೈಯುವವರಿಗೆ ಹೇಳಬೇಕಾದ ಬುದ್ಧಿಯನ್ನು ಬೈಸಿಕೊಳ್ಳುವವರಿಗೆ ಹೇಳಿದಂತಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ತಾವು ತಿರುಳಿನ ಕೆಲಸವನ್ನು ಬಿಟ್ಟಿರುವುದಾಗಿ ಶಾರ್ಪ್ ಬಹಿರಂಗವಾಗಿ ತಿಳಿಸಿದರು. ಅವರು ಔಟ್‌ರೀಚಿ ಎಂಬ ಕಾರ್ಯಕ್ರಮದಲ್ಲಿ ಹೊಸಬರನ್ನು, ಅದರಲ್ಲಿಯೂ ಈ ಕ್ಷೇತ್ರದಲ್ಲಿ ವಿರಳರಾದ ಹೆಂಗಸರನ್ನು, ತಿರುಳಿನ ಕೆಲಸಕ್ಕೆ ಕರೆತರುತ್ತಿದ್ದವರು. ಆ ಕಾರ್ಯಕ್ರಮದ ಮೂಲಕ ಮುಕ್ತ ತಂತ್ರಾಂಶವನ್ನು ಹೊಕ್ಕವರಲ್ಲಿ ಭಾರತದ ತರುಣಿಯರೂ ಅನೇಕರಿದ್ದಾರೆ. ಹೊಸಬರನ್ನು ಬಾಗಿಲಿನವರೆಗೆ ಕೈಹಿಡಿದು ಕರೆತಂದು, ಒಳಗೆ ಏನು ಕಾದಿದೆಯೆಂಬುದನ್ನು ಬಲ್ಲ ಮನಸ್ಸಿಗೆ ಎಷ್ಟು ಸಂಕಟವಾಗಿರಬೇಡ!

ಶಾರ್ಪ್ ಹೇಳಿ ಹೋದರು. ಹೇಳದೆ ಹೋದವರ ಲೆಕ್ಕ ಯಾರಲ್ಲಿಯೂ ಇಲ್ಲ. ಮೊದಲ ತಿದ್ದುಪಡಿಯನ್ನು ನಡುಗುವ ಕೈಯಿಂದ ಕಳುಹಿಸಿ, ಬಂದ ಉತ್ತರವನ್ನು ಓದಿ, ಎರಡನೆಯದನ್ನು ಕಳುಹಿಸದೆಯೇ ಇದ್ದವರು ಎಷ್ಟು ಮಂದಿಯೋ. ಅವರಿಗೆ ‘ಮನೆಯಲ್ಲಿ ಸ್ವಲ್ಪ ಕೆಲಸವಿತ್ತು.’ ಒರಟುತನದ ಸಮರ್ಥಕರು ‘ಇಷ್ಟಿದ್ದರೂ ಲಿನಕ್ಸ್ ಬೆಳೆಯಲಿಲ್ಲವೆ?’ ಎಂದು ಕೇಳುವುದುಂಟು. ಬೆಳೆಯಿತು, ನಿಜ. ಆದರೆ ನಾಟಿಗೆ ಬಂದವರನ್ನು ಮಾತ್ರ ಎಣಿಸಿ, ಯಾರೂ ಬಾರದೆ ಇರಲಿಲ್ಲವೆಂದು ತೀರ್ಮಾನಿಸಲಾದೀತೆ?

2018ನೆಯ ವರ್ಷ ಈ ಕಥೆಯಲ್ಲಿ ವಿಚಿತ್ರವಾದುದು. ಆ ಜುಲೈನಲ್ಲಿ ಮುಕ್ತ ತಂತ್ರಾಂಶದ ಇನ್ನೊಬ್ಬ ಹಿರಿಯರು, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಕರ್ತೃ ಗೈಡೊ ವಾನ್ ರೋಸಮ್, ಪೀಠವನ್ನು ತ್ಯಜಿಸಿದರು. ಇವರು ಬೈಯುವವರಲ್ಲ. ಭಾಷೆಗೆ ಒಂದು ಹೊಸ ಚಿಹ್ನೆಯನ್ನು ಸೇರಿಸಬೇಕೆ ಬೇಡವೆ ಎಂಬ ಚರ್ಚೆ ಎಷ್ಟು ಕಹಿಯಾಯಿತೆಂದರೆ, ತೀರ್ಮಾನವೇನೋ ಅವರ ಇಚ್ಛೆಯಂತೆಯೇ ಆದರೂ, ಇನ್ನು ಮುಂದೆ ಇಷ್ಟು ಹೊಡೆದಾಡಿ, ಇಷ್ಟು ಜನರ ತಿರಸ್ಕಾರಕ್ಕೆ ಪಾತ್ರನಾಗುವುದು ತಮ್ಮಿಂದಾಗದೆಂದು ಬರೆದು ಅವರು ಬದಿಗೆ ಸರಿದರು. ಮರುವರ್ಷ ಐವರ ಆಡಳಿತ ಮಂಡಲಿಯೊಂದು ಚುನಾಯಿತವಾಗಿ ಅವರ ಸ್ಥಾನವನ್ನು ವಹಿಸಿಕೊಂಡಿತು. ಬಹುಮಂದಿ ಸೇರಿ ಒಬ್ಬರನ್ನು ನೋಯಿಸಲು ಯಾರೊಬ್ಬರೂ ಅತಿಯಾಗಿ ಬೈಯಬೇಕಾಗಿಲ್ಲ. ಒಬ್ಬೊಬ್ಬರು ಒಂದೊಂದು ಚಿಟಿಕೆ ಉಪ್ಪು ಹಾಕಿದರೆ ಸಾಕು.

ಎರಡು ತಿಂಗಳ ಮೇಲೆ, ಸೆಪ್ಟೆಂಬರ್ 16ರಂದು, ಟೋರ್ವಾಲ್ಡ್ಸ್ ಅವರ ಸರದಿ. ಪಾಲಕರ ವಾರ್ಷಿಕ ಸಭೆ ಕೆನಡಾದ ವ್ಯಾಂಕೂವರಿನಲ್ಲಿ ಗೊತ್ತಾಗಿತ್ತು. ಅದೇ ದಿನಗಳಿಗೆ ತಮ್ಮ ಸಂಸಾರದ ಪ್ರವಾಸವನ್ನು ತಪ್ಪಾಗಿ ಗೊತ್ತುಮಾಡಿಕೊಂಡಿದ್ದ ಅವರು, ತಮ್ಮನ್ನು ಬಿಟ್ಟೇ ಸಭೆ ನಡೆಯಲಿ ಎಂದು ಒಳಗೊಳಗೆ ಆಶಿಸಿದ್ದರು. ಆದರೆ ಸಭೆಯನ್ನೇ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ವರ್ಗಾಯಿಸಲಾಯಿತು. ಒಬ್ಬ ಮನುಷ್ಯನಿಗಾಗಿ ಇಷ್ಟು ಮಂದಿ ಇಷ್ಟು ದೂರ ಸರಿಯಲು ಸಿದ್ಧರಾದುದೂ, ಅದೇ ಜನ ಅವರ ನಡತೆಯ ವಿಷಯದಲ್ಲಿ ಅವರನ್ನು ಎದುರಿಗೇ ಪ್ರಶ್ನಿಸಿದುದೂ ಒಟ್ಟಿಗೆ ಸಂಭವಿಸಿದವು. ಕರ್ನಲಿನ ಹೊಸ ಪರೀಕ್ಷಾ ಆವೃತ್ತಿಯನ್ನು ಪ್ರಕಟಿಸುವ ಪತ್ರದಲ್ಲಿಯೇ ಟೋರ್ವಾಲ್ಡ್ಸ್ ತಮ್ಮ ಕ್ಷಮಾಯಾಚನೆಯನ್ನೂ ಸೇರಿಸಿದರು. ಇತರರ ಮನಸ್ಸಿನ ನೋವನ್ನು ಅರಿಯುವ ಶಕ್ತಿ ತಮ್ಮಲ್ಲಿ ಕಡಿಮೆಯೆಂದೂ, ಪತ್ರಗಳಲ್ಲಿ ತಾವು ನಡೆಸಿದ ವೈಯಕ್ತಿಕ ದಾಳಿಗಳು ಅನುಚಿತವೆಂದೂ, ತಮ್ಮಿಂದ ನೊಂದು ಬಹುಶಃ ಈ ಕೆಲಸವನ್ನೇ ಬಿಟ್ಟುಹೋದವರ ಕ್ಷಮೆಯನ್ನು ಬೇಡುತ್ತಿರುವುದಾಗಿಯೂ ಬರೆದು, ಕೆಲಕಾಲ ರಜೆಯನ್ನು ತೆಗೆದುಕೊಂಡರು. ಬೈಗುಳವಿರುವ ತಮ್ಮ ಪತ್ರ ಹೊರಗೆ ಹೋಗದಂತೆ ತಡೆಯುವ ಒಂದು ಸೋಸುಕವನ್ನು ಇಟ್ಟುಕೊಂಡರೆ ಹೇಗೆ ಎಂದೂ ಆ ಪತ್ರದಲ್ಲಿ ಯೋಚಿಸಿದ್ದಾರೆ. ಜೀವಮಾನವೆಲ್ಲ ಯಂತ್ರದೊಡನೆ ಬಾಳಿದವರಿಗೆ ನಾಲಗೆಯ ಕಡಿವಾಣವೂ ಯಂತ್ರದ ರೂಪದಲ್ಲಿಯೇ ಹೊಳೆದುದರಲ್ಲಿ ಆಶ್ಚರ್ಯವೇನು? ನಗು ಬಂದರೂ, ಇಪ್ಪತ್ತೇಳು ವರ್ಷ ದೊರೆಯಾಗಿದ್ದವರು ಲೋಕದೆದುರು ಹೀಗೆ ಬರೆಯಬೇಕಾದರೆ ಸಣ್ಣ ಎದೆಗಾರಿಕೆ ಸಾಲದು.

ಅವರ ರಜೆಯಲ್ಲಿ ಭಾರವನ್ನು ಹೊತ್ತವರು ಗ್ರೆಗ್ ಕ್ರೋಹಾರ್ಟ್‌ಮನ್. ಹಿಂದೆ ‘ಇನ್ನಷ್ಟು ಗದರಿಸಬೇಕು’ ಎಂಬ ಬುದ್ಧಿಮಾತನ್ನು ಕೇಳಿಸಿಕೊಂಡಿದ್ದ ಸೌಮ್ಯ ಪಾಲಕರು ಇವರೇ! ಗದರಿಸದೆಯೇ ಅವರು 4.19ನೆಯ ಆವೃತ್ತಿಯನ್ನು ಅಕ್ಟೋಬರಿನಲ್ಲಿ ಸಕಾಲಕ್ಕೆ ಹೊರತಂದರು. ಟೋರ್ವಾಲ್ಡ್ಸ್ ಆ ತಿಂಗಳಲ್ಲಿಯೇ ಹಿಂದಿರುಗಿದರು.

ಕ್ಷಮಾಪಣೆಯ ದಿನವೇ ಘರ್ಷಣೆಯ ಸಂಹಿತೆ ಹೋಗಿ ನಡತೆಯ ಸಂಹಿತೆ ಬಂದಿತು. ಕೊರಲೈನ್ ಅಡಾ ಎಮ್ಕೆ ಎಂಬವರು 2014ರಲ್ಲಿ ರಚಿಸಿದ್ದ, ಆ ವೇಳೆಗಾಗಲೇ ಅನೇಕ ಸಮುದಾಯಗಳು ಅಂಗೀಕರಿಸಿದ್ದ ಒಂದು ಮಾದರಿಯೇ ಅದರ ಮೂಲ. ಭಿನ್ನಾಭಿಪ್ರಾಯವನ್ನು ಗೌರವಿಸುವುದು, ಟೀಕೆಯನ್ನು ಸಮಾಧಾನದಿಂದ ಸ್ವೀಕರಿಸುವುದು ಉಚಿತವೆಂದೂ, ಅವಹೇಳನ, ಕಿರುಕುಳ, ಅಶ್ಲೀಲವಾದ ಮಾತು, ಇತರರ ಖಾಸಗಿ ವಿವರಗಳನ್ನು ಅನುಮತಿಯಿಲ್ಲದೆ ಬಯಲುಮಾಡುವುದು ಅನುಚಿತವೆಂದೂ ಅದು ಹೇಳುತ್ತದೆ. ಮನೆಯಲ್ಲಿ ಅಜ್ಜಿ ಹೇಳಿಕೊಡುವುದಕ್ಕಿಂತ ಇದರಲ್ಲಿ ಹೆಚ್ಚೇನೂ ಇಲ್ಲ. ಆದರೂ ಎದ್ದ ಗದ್ದಲ ಅಷ್ಟಿಷ್ಟಲ್ಲ. ಯೋಗ್ಯತೆಯ ಕಾಲ ಮುಗಿಯಿತು, ಇನ್ನು ಮೆದುಮಾತಿನವರದೇ ರಾಜ್ಯ ಎಂದು ಕೆಲವರು ಗೋಳಾಡಿದರು. ಕೊಟ್ಟ ಬರಹವನ್ನು ಹಿಂದಕ್ಕೆ ಪಡೆಯುವ ಮಾತೂ ಹೊರಟಿತು. ಅದು ಮಾತಿನಲ್ಲಿಯೇ ಉಳಿಯಿತು. ವಿವೇಕದ ಸಂದೇಹಗಳೂ ಇಲ್ಲದಿರಲಿಲ್ಲ: ಪ್ರತಿಯೊಂದು ತಿದ್ದುಪಡಿಯ ಕೆಳಗೂ ಬರೆದವರ ಇ-ಮೇಲ್ ವಿಳಾಸ ಇದ್ದೇ ಇರುತ್ತದಲ್ಲ, ಅದೂ ಖಾಸಗಿ ವಿವರವಾದರೆ ಕೆಲಸ ನಡೆಯುವುದು ಹೇಗೆ? ಇಂಥವನ್ನು ಬಿಡಿಸಿ ಹೇಳಲು ಸಂಹಿತೆಗೆ ಒಂದು ವ್ಯಾಖ್ಯಾನವೂ ಹುಟ್ಟಿತು. ಸೂತ್ರವಿದ್ದಲ್ಲಿ ಭಾಷ್ಯ ಇರಲೇಬೇಕಷ್ಟೆ.

ಆ ನವೆಂಬರಿನ ಕೊನೆಯಲ್ಲಿ ನಡೆದ ಒಂದು ಹಾಸ್ಯಪ್ರಸಂಗವನ್ನು ಹೇಳದಿರುವುದು ಕಷ್ಟ. ಕರ್ನಲಿನ ಬರಹದ ನಡುನಡುವೆ ಬರೆದವರು ಬೇಸತ್ತು ಸೇರಿಸಿದ್ದ ಟಿಪ್ಪಣಿಗಳಲ್ಲಿ ಒಂದು ಅಸಭ್ಯ ಪದ ಹಲವು ಕಡೆ ಇತ್ತು. ಒಬ್ಬರು ಆ ಪದವಿದ್ದೆಡೆಗಳಲ್ಲೆಲ್ಲ ‘ಅಪ್ಪುಗೆ’ ಎಂಬರ್ಥದ ಇಂಗ್ಲಿಷ್ ಪದವನ್ನು ಕೂರಿಸುವ ತಿದ್ದುಪಡಿಗಳನ್ನು ಕಳುಹಿಸಿದರು. ಯಂತ್ರದ ದೋಷವನ್ನು ಶಪಿಸುತ್ತಿದ್ದ ವಾಕ್ಯಗಳು ಅದನ್ನು ಆಲಿಂಗಿಸತೊಡಗಿದವು. ಸಂಹಿತೆ ಇನ್ನು ಮುಂದಿನ ಬರವಣಿಗೆಗೆ ಸಂಬಂಧಿಸಿದುದು, ಹಳೆಯದನ್ನು ಕೆದಕಬೇಕಾಗಿಲ್ಲ ಎಂದು ತಿಳಿದವರು ನೆನಪಿಸಿದರು. ಹಲವರು ನಕ್ಕರು, ಬಹುಕಾಲದ ಮೇಲೆ ಒಟ್ಟಿಗೆ ನಕ್ಕುದೂ ಒಂದು ಲಾಭವೇ.

ಇಷ್ಟಾದ ಮೇಲೆ ಟೋರ್ವಾಲ್ಡ್ಸ್ ಋಷಿಗಳಾದರೆ? ಇಲ್ಲ. 2025ರ ಆಗಸ್ಟಿನಲ್ಲಿಯೂ, ಗಡುವಿನ ಕೊನೆಗೆ ಬಂದ ಒಂದು ತಿದ್ದುಪಡಿಯ ಕಟ್ಟನ್ನು ಕಸವೆಂದು ಕರೆದು ಹಿಂದಿರುಗಿಸಿದ್ದಾರೆ. ಬರೆದವರಿಗೆ ಅದು ಸವಿಯಾಗಿದ್ದಿರಲಾರದು. ಆದರೂ ‘ಇದು ಕಸ’ ಎಂಬ ಮಾತು ಗೆರೆಯ ಈಚೆಗೇ ನಿಂತಿದೆ, ಅಂಚಿನಲ್ಲಿಯಾದರೂ. ಲಿನಕ್ಸಿನ ಕಟ್ಟುನಿಟ್ಟು ಸಡಿಲಗೊಂಡು ಕೆಟ್ಟ ಕೆಲಸ ಒಳನುಗ್ಗೀತೆಂಬ ಭಯ ನಿಜವಾಗಲಿಲ್ಲ.

ಗೆರೆಯನ್ನು ದಾಟಿದವರಿಗೆ ಏನು ಎಂಬ ಪ್ರಶ್ನೆ 2024ರ ನವೆಂಬರಿನಲ್ಲಿ ಬಂದಿತು. ಬಿಕ್ಯಾಶ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯ ಕರ್ತೃ, ಪ್ರತಿಭಾವಂತರೇ, ಇನ್ನೊಬ್ಬ ಪಾಲಕರಿಗೆ ನಿಂದೆಯ ಮಾತನ್ನು ಬರೆದರು. ಬಹಿರಂಗವಾಗಿ ಕ್ಷಮೆ ಕೇಳಿರೆಂದು ಸಂಹಿತೆಯ ಸಮಿತಿ ಹೇಳಿತು, ಅವರು ಒಪ್ಪಲಿಲ್ಲ. 6.13ನೆಯ ಆವೃತ್ತಿಗೆ ಅವರ ಕೆಲಸವನ್ನು ಸ್ವೀಕರಿಸಲಿಲ್ಲ. ಬೈದವರು ಒಬ್ಬರು, ತಿದ್ದುಪಡಿಗಾಗಿ ಕಾಯಬೇಕಾದವರು ಆ ವ್ಯವಸ್ಥೆಯನ್ನು ಬಳಸುವವರೆಲ್ಲ — ಇದು ನ್ಯಾಯವೆ ಎಂದು ಕೇಳಿದವರುಂಟು. ಕಠಿಣವಾದ ಪ್ರಶ್ನೆಯೇ. ಆದರೆ ಪ್ರತಿಭೆಯುಳ್ಳವರಿಗೆ ವಿನಾಯಿತಿಯಿರುವ ಸಂಹಿತೆ, ಪ್ರತಿಭೆಯಿಲ್ಲದವರನ್ನು ಮಾತ್ರ ಹೆದರಿಸುವ ಸಂಹಿತೆಯಾದೀತು. ಹೊಡೆತವೆಲ್ಲ ಕಿರಿಯರಿಗೇ ಬೀಳುತ್ತಿದ್ದ ಹಳೆಯ ದಿನಗಳಿಗೂ ಅದಕ್ಕೂ ಏನು ಭೇದ?

ಇದುವರೆಗಿನ ಮಾತೆಲ್ಲ ಗದ್ದೆಯಲ್ಲಿ ದುಡಿಯುವವರನ್ನು ಕುರಿತುದಾಯಿತು. ಅನ್ನವನ್ನು ಉಣ್ಣುವವರಿಗೆ ಯಾವ ಸಂಹಿತೆ? ಮುಕ್ತ ತಂತ್ರಾಂಶವನ್ನು ಬಳಸುವವರು ಕಾಸು ಕೊಟ್ಟವರಲ್ಲ. ಆದರೆ ಕಾಸು ಕೊಟ್ಟವರಿಗಿಂತ ಗಟ್ಟಿಯಾಗಿ ಗದರಿಸುವವರು ಅವರಲ್ಲಿ ಬಹಳ ಮಂದಿ. ಈ ಒರಟುತನದ ಬೆಲೆ ಎಷ್ಟಾಗಬಹುದೆಂಬುದನ್ನು ಲೋಕ 2024ರ ಮಾರ್ಚಿನಲ್ಲಿ ಕಂಡಿತು.

ಕಡತಗಳನ್ನು ಒತ್ತಿ ಚಿಕ್ಕದಾಗಿಸುವ ‘ಎಕ್ಸ್‌ಜ಼ಡ್’ ಎಂಬ ಸಣ್ಣ ಸಲಕರಣೆಯೊಂದಿದೆ. ಹೆಸರನ್ನು ಕೇಳಿದವರು ಕಡಮೆ. ಆದರೆ ಲಿನಕ್ಸ್ ಇರುವ ಕಡೆಗಳಲ್ಲೆಲ್ಲ ಬಹುಮಟ್ಟಿಗೆ ಅದೂ ಇದೆ. ಫಿನ್ಲೆಂಡಿನ ಒಬ್ಬರು ಅದನ್ನು ವರ್ಷಾನುಗಟ್ಟಲೆ ಏಕಾಂಗಿಯಾಗಿ, ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. 2021ರ ಕೊನೆಯಲ್ಲಿ ‘ಜಿಯಾ ಟ್ಯಾನ್’ ಎಂಬ ಹೆಸರಿನ ಯಾರೋ ಸಹಾಯಕ್ಕೆ ಬಂದರು. ಮಾತು ಮೃದು, ಕೆಲಸ ಅಚ್ಚುಕಟ್ಟು. 2022ರಲ್ಲಿ ಬೇರೆ ಹೆಸರುಗಳಿಂದ ದೂರಿನ ಪತ್ರಗಳು ಬರತೊಡಗಿದವು: ಕೆಲಸ ಏಕೆ ಇಷ್ಟು ನಿಧಾನ, ಆಸಕ್ತಿಯಿಲ್ಲದಿದ್ದರೆ ಇತರರಿಗೆ ಏಕೆ ಬಿಟ್ಟುಕೊಡಬಾರದು ಎಂಬ ಧಾಟಿ. ತಮ್ಮ ಮನಸ್ಸಿನ ಆರೋಗ್ಯ ಬಹುದಿನಗಳಿಂದ ಚೆನ್ನಾಗಿಲ್ಲವೆಂದೂ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂಬುದನ್ನು ಮರೆಯಬಾರದೆಂದೂ ಅವರು ವಿನಯದಿಂದಲೇ ಉತ್ತರಿಸಿದರು. ಆ ಉತ್ತರಕ್ಕೂ ಕರುಣೆ ದೊರೆಯಲಿಲ್ಲ. ಸಮುದಾಯ ಹೆಚ್ಚಿನದನ್ನು ಬಯಸುತ್ತದೆ ಎಂಬ ಒತ್ತಾಯ ಮುಂದುವರಿಯಿತು. ಆ ಪತ್ರಗಳನ್ನು ಬರೆದ ಹೆಸರುಗಳ ಹಿಂದೆ ನಿಜವಾದ ಬಳಕೆದಾರರು ಇರಲಿಲ್ಲ, ಅವೂ ಹೂಟದ ಭಾಗವೇ ಎಂಬುದು ಮುಂದೆ ಇದನ್ನು ಶೋಧಿಸಿದವರ ಅಭಿಪ್ರಾಯ. ದಣಿದ ಮನುಷ್ಯ ಕ್ರಮೇಣ ಅಧಿಕಾರವನ್ನು ಆ ಸಹಾಯಕನೊಡನೆ ಹಂಚಿಕೊಂಡರು.

2024ರ ಫೆಬ್ರವರಿ ಮತ್ತು ಮಾರ್ಚಿನಲ್ಲಿ ಆ ಸಹಾಯಕ ಹೊರಡಿಸಿದ 5.6.0 ಮತ್ತು 5.6.1ನೆಯ ಆವೃತ್ತಿಗಳ ಒಳಗೆ ಒಂದು ಕಳ್ಳಬಾಗಿಲಿತ್ತು. ದೂರದಿಂದ ಯಂತ್ರವನ್ನು ಹೊಕ್ಕು ವಶಪಡಿಸಿಕೊಳ್ಳಲು ಅದು ದಾರಿಮಾಡಿಕೊಡುತ್ತಿತ್ತು. ಜಗತ್ತಿನಾದ್ಯಂತ ಹರಡುವುದಕ್ಕೆ ಮುಂಚೆ ಅದು ಸಿಕ್ಕಿಬಿದ್ದುದು ಆಕಸ್ಮಿಕದಿಂದ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರರು ಬೇರೇನನ್ನೋ ಪರೀಕ್ಷಿಸುತ್ತಿದ್ದಾಗ, ಕಂಪ್ಯೂಟರಿಗೆ ಪ್ರವೇಶ ಪಡೆಯುವುದು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಕಂಡರು. ಅರ್ಧ ಸೆಕೆಂಡು! ಇತರರಾಗಿದ್ದರೆ ಆಕಳಿಸಿ ಸುಮ್ಮನಾಗುತ್ತಿದ್ದರು. ಅವರು ಬೆನ್ನುಹತ್ತಿ ಹೋಗಿ, ಮಾರ್ಚ್ 29ರಂದು ಲೋಕಕ್ಕೆ ತಿಳಿಸಿದರು.

ಈ ಹೂಟವನ್ನು ಹೂಡಿದವರು ಮನುಷ್ಯಸ್ವಭಾವವನ್ನು ಎಷ್ಟು ಬಲ್ಲವರು! ಸಂಬಳವಿಲ್ಲದೆ ದುಡಿಯುವವನನ್ನು ನಾಲ್ಕು ಮಂದಿ ಗದರಿಸುವುದು ಆ ಲೋಕದಲ್ಲಿ ನಿತ್ಯದ ಸಂಗತಿ. ಆದುದರಿಂದ ಸುಳ್ಳು ಗದರಿಕೆಯನ್ನು ಯಾರೂ ಸಂಶಯಿಸರು ಎಂಬುದು ಅವರಿಗೆ ಗೊತ್ತಿತ್ತು. ಅಂಥ ಪತ್ರಗಳು ಬಂದ ದಿನಗಳಲ್ಲಿ, ‘ಇದು ಸಲ್ಲದು, ಆ ಮನುಷ್ಯನನ್ನು ಅವರ ಪಾಡಿಗೆ ಬಿಡಿ’ ಎಂದು ಅಲ್ಲಿ ಯಾರಾದರೂ ಗಟ್ಟಿಯಾಗಿ ಹೇಳುವ ರೂಢಿಯಿದ್ದಿದ್ದರೆ, ಕಳ್ಳಬಾಗಿಲನ್ನು ಕೊರೆಯಲು ಉಳಿಗೆ ಎಡೆ ದೊರೆಯುತ್ತಿತ್ತೆ?

ಜಿಯಾ ಟ್ಯಾನ್ ಎಂಬ ಹೆಸರು ಆಮೇಲೆ ಮತ್ತೆ ಕಾಣಿಸಿಕೊಳ್ಳಲಿಲ್ಲ. ಫಿನ್ಲೆಂಡಿನ ಆ ಮನುಷ್ಯ ಮಾತ್ರ ಹಿಂದಿರುಗಿ, ಅತಿಥಿ ಕೆಡಿಸಿಹೋದ ಮನೆಯನ್ನು ಗುಡಿಸುವಂತೆ ಬರಹವನ್ನೆಲ್ಲ ಪರಿಶೀಲಿಸಿ, ಕಳ್ಳಬಾಗಿಲನ್ನು ಕಿತ್ತುಹಾಕಿ, 2024ರ ಮೇ 29ರಂದು 5.6.2ನೆಯ ಆವೃತ್ತಿಯನ್ನು ಹೊರತಂದರು.